ಮೂಸೆಗೆ ಬಿದ್ದ ಗಿಂಡಿ

ನನ್ನ ಬಾಮೈದನ ಎಡಗಣ್ಣಿಗೆ ಪೆಟ್ಟು ಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ, ಬೋಗಾದಿಯ ನಮ್ಮ ಮನೆಯ ಹಿಂದಿನ ಜಾಗದಲ್ಲಿ. ನಾನು ಅವನಿಂದ ನಾಲ್ಕು ಹೆಜ್ಜೆ ಆಚೆ, ಗಾಳಿ ಊದುವ ಬ್ಲೋವರ್‌ನ ಸ್ವಿಚ್ಚಿನ ಹತ್ತಿರ ನಿಂತಿದ್ದೆ. ನನಗೆ ಏನೂ ಆಗಲಿಲ್ಲ. ಅಂಗಿಯ ತೋಳಿನಲ್ಲಿ ಸಾಸಿವೆ ಕಾಳಿನಷ್ಟು ಎರಡು ತೂತು ಬಿದ್ದಿದ್ದವು, ಅಷ್ಟೇ. ಅವನ ಕಣ್ಣು ಉಳಿಯುತ್ತದೋ ಇಲ್ಲವೋ ಎಂದು ತಿಳಿಯಲು ಏಳು ವಾರ ಬೇಕಾಯಿತು. ಆ ಏಳು ವಾರ ನಾನು ಆ ಬೆಳಿಗ್ಗೆಯನ್ನು ಮತ್ತೆ ಮತ್ತೆ ನೋಡಿದ್ದೇನೆ. ಕಚೇರಿಯಲ್ಲಿ ಫೈಲು ತೆರೆದಿಟ್ಟುಕೊಂಡು, ಸಿಗ್ನಲ್ಲಿನಲ್ಲಿ ಸ್ಕೂಟರಿನ ಮೇಲೆ ಕೂತುಕೊಂಡು, ಸ್ನಾನಕ್ಕೆ ನೀರು ಬಿಟ್ಟುಕೊಂಡು. ಪ್ರತಿಸಲವೂ ಒಂದೇ ಕಡೆ ಬಂದು ನಿಲ್ಲುತ್ತೇನೆ. ಅವನು ಒಂದು ಪ್ರಶ್ನೆ ಕೇಳುತ್ತಾನೆ, ನಾನು ಉತ್ತರ ಕೊಡುತ್ತೇನೆ.

ಅದನ್ನು ಹೇಳಬೇಕಾದರೆ ಲೋಹ ಕರಗಿಸುವ ನಮ್ಮ ಒಲೆಗೆ ಸಾಮಾನು ಹುಡುಕಿದ್ದರಿಂದಲೇ ಶುರು ಮಾಡಬೇಕು.

ಅವನು ನನ್ನ ಹೆಂಡತಿಯ ತಮ್ಮ. ಮೇಟಗಳ್ಳಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ. ಅಲ್ಲೇ ಹತ್ತಿರ ರೂಮು ಮಾಡಿಕೊಂಡಿದ್ದಾನೆ. ಶನಿವಾರ ಸಂಜೆ ನಮ್ಮ ಮನೆಗೆ ಬಂದರೆ ಹೋಗುವುದು ಸೋಮವಾರ ಬೆಳಿಗ್ಗೆಯೇ. ಅವನದು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆಯುವ ಕೆಲಸ, ಕಣ್ಣಿನ ಕೆಲಸ. ಒಂದು ದಿನ ಊಟಕ್ಕೆ ಕೂತಾಗ ಅಂದ: "ದಿನಾ ಕಬ್ಣ ಕೆರ್ದೂ ಕೆರ್ದೂ ಸಾಕಾಯ್ತು ಬಾವ. ಒಂದ್ಸಲ ಕರಗಿಸ್ಬುಟ್ಟು ನೋಡ್ಬೇಕು ಅನ್ಸ್ತದೆ."

ನನ್ನ ಹೆಂಡತಿ ಸಾರಿನ ಸೌಟು ಹಿಡಿದುಕೊಂಡೇ, "ವಯಸ್ಸು ಮೂವತ್ತೆರಡಾಯ್ತು. ಹೆಣ್ಣು ನೋಡೋ ಅಂದ್ರೆ ಇವನು ಕಬ್ಣ ನೋಡ್ತಾವ್ನೆ" ಅಂದಳು.

"ಕಬ್ಣ ಆದ್ರೆ ನನ್ನ ಸಂಬಳ ಎಷ್ಟು ಅಂತ ಕೇಳಲ್ಲ ಕಣಕ್ಕ."

ಅವನು ಫೋನಿನಲ್ಲಿ ವಿಡಿಯೋಗಳನ್ನು ನೋಡುತ್ತಿದ್ದ. ಯಾವುದೋ ದೇಶದವರು ತಮ್ಮ ಗ್ಯಾರೇಜಿನಲ್ಲಿ ಪುಟ್ಟ ಕುಲುಮೆ ಇಟ್ಟುಕೊಂಡು ಚಾಕು ಬಡಿಯುವುದು, ಹಿತ್ತಾಳೆ ಕರಗಿಸಿ ಗೊಂಬೆ ಎರೆಯುವುದು. ಅವರಿಗೆಲ್ಲ ಬೇಕಾದ ಸಾಮಾನು ಪೆಟ್ಟಿಗೆಯಲ್ಲಿ ಕೂತು ಮನೆಬಾಗಿಲಿಗೆ ಬರುತ್ತಿತ್ತು. ನಾವು ಮಾತ್ರ ಒಂದೊಂದಕ್ಕೂ ಊರು ಸುತ್ತಿದೆವು. 'ನಾವು' ಎನ್ನುತ್ತಿದ್ದೇನೆ, ಏಕೆಂದರೆ ಎರಡನೇ ವಾರದ ಹೊತ್ತಿಗೆ ನನಗೂ ಅದರ ರುಚಿ ಹತ್ತಿತ್ತು. ನಲವತ್ತಾರು ವರ್ಷದ ಗುಮಾಸ್ತನಿಗೆ ಭಾನುವಾರ ಬೆಳಿಗ್ಗೆ ಹೊರಡಲು ಒಂದು ಕಾರಣ ಸಿಕ್ಕಿತ್ತು.

ಒಲೆಯ ಮೈಗೆ ಪೇಂಟ್ ಅಂಗಡಿಯಿಂದ ಇಪ್ಪತ್ತು ಲೀಟರಿನ ಹಳೆಯ ಕಬ್ಬಿಣದ ಡಬ್ಬ ತಂದೆವು. ಒಳಗೆ ಜೋಡಿಸಲು ಬೆಂಕಿ ತಾಳುವ ಇಟ್ಟಿಗೆ ಬೇಕಿತ್ತು. ಹಳೆಯ ಬಾಯ್ಲರು ಬಿಚ್ಚಿದ ಇಟ್ಟಿಗೆ ಮಾರುವವನೊಬ್ಬ ಮೇಟಗಳ್ಳಿಯ ಆಚೆ ಇದ್ದಾನೆಂದು ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರು. ಅಲ್ಲಿ ಬಾಮೈದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೆರಡು ಇಟ್ಟಿಗೆಯನ್ನು ಒಂದಕ್ಕೊಂದು ತಾಗಿಸಿ ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದ. ಠಣ್ ಎಂದರೆ ಒಂದು ಪಕ್ಕಕ್ಕೆ, ಬದ್ ಎಂದರೆ ಇನ್ನೊಂದು ಪಕ್ಕಕ್ಕೆ. ಬಿರುಕು ಕಣ್ಣಿಗೆ ಕಾಣದಿದ್ದರೂ ದನಿಯಲ್ಲಿ ಗೊತ್ತಾಗುತ್ತದಂತೆ. ಇಪ್ಪತ್ತೆರಡು ಇಟ್ಟಿಗೆ ಆರಿಸಲು ಒಂದೂವರೆ ಗಂಟೆ ಹಿಡಿಯಿತು. ಹಾಗೆ ನೋಡಿ, ಕೇಳಿ, ಮುಟ್ಟಿ ಆರಿಸುವವನು ಅವನು. ಇದನ್ನು ಇಲ್ಲಿ ಹೇಳಲೇಬೇಕು. ಆಮೇಲೆ ಆಸ್ಪತ್ರೆಗೆ ಬಂದ ನೆಂಟರೆಲ್ಲ "ಹುಡುಗಾಟ ಮಾಡ್ಕೊಂಡ" ಅಂದರು. ಅವನು ಹುಡುಗಾಟದವನಲ್ಲ.

ಬ್ಲೋವರ್ ಸಿಕ್ಕಿದ್ದು ಹೋಟೆಲಿನ ಒಲೆ ರಿಪೇರಿ ಮಾಡುವವನ ಹತ್ತಿರ. ಇದ್ದಿಲಿಗೆ ನಮ್ಮ ಬಡಾವಣೆಯ ಇಸ್ತ್ರಿ ಗಾಡಿಯವನನ್ನು ಕೇಳಿದೆವು. ಎರಡು ಮೂಟೆ ಬೇಕು ಎಂದಾಗ ಅವನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, "ಎರಡು ಮೂಟೆನಾ? ನೀವೇ ಒಂದು ಗಾಡಿ ಇಡ್ತೀರಾ ಸಾರ್? ನನ್ನ ಹೊಟ್ಟೆ ಮೇಲೆ ಹೊಡೀಬ್ಯಾಡಿ" ಅಂದ. ವಿಷಯ ತಿಳಿದ ಮೇಲೆ ತಾನು ತರುವ ಡಿಪೋದ ದಾರಿ ಹೇಳಿಕೊಟ್ಟ.

ಮೂಸೆಗೆ, ಅಂದರೆ ಲೋಹ ಕರಗಿಸುವ ಬಟ್ಟಲಿಗೆ, ದೇವರಾಜ ಮೊಹಲ್ಲಾಕ್ಕೆ ಹೋದೆವು. ಅಕ್ಕಸಾಲಿಗರಿಗೆ ಬೇಕಾದ ಸಾಮಾನು ಮಾರುವ ಇಕ್ಕಟ್ಟಾದ ಅಂಗಡಿ. ಯಜಮಾನರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಯಾವ ಕಡೆ ಕೆಲಸ ನಿಮ್ದು?"

"ಕೆಲ್ಸಕ್ಕಲ್ಲ, ಸುಮ್ನೆ ಹವ್ಯಾಸಕ್ಕೆ" ಅಂದ ಇವನು.

"ಹವ್ಯಾಸಕ್ಕೆ ಜನ ಗಿಡ ಬೆಳೆಸ್ತಾರೆ, ಮೀನು ಸಾಕ್ತಾರೆ" ಎನ್ನುತ್ತಲೇ ಅವರು ಏಣಿ ಹತ್ತಿ ಕಪ್ಪು ಮೂಸೆಯೊಂದನ್ನು ಇಳಿಸಿದರು. ಕೊಳೆ ಮೇಲಕ್ಕೆತ್ತಲು ಹಾಕುವ ಬಿಳಿಗಾರದ ಪುಡಿಯನ್ನೂ ಕಟ್ಟಿಕೊಟ್ಟರು. ದುಡ್ಡು ತೆಗೆದುಕೊಂಡ ಮೇಲೂ ಮೂಸೆಯಿಂದ ಕೈ ತೆಗೆಯದೆ ಹೇಳಿದರು: "ಮೊದಲ ದಿನ ಖಾಲಿ ಮೂಸೆ ಕಾಯಿಸ್ಬೇಕು, ನಿಧಾನಕ್ಕೆ. ಯಾವುದ್ರಲ್ಲೂ ನೀರಿನ ಪಸೆ ಇರಬಾರ್ದು. ಮೂಸೆಲಿ, ಇಕ್ಕಳದಲ್ಲಿ, ಒಳಗೆ ಹಾಕೋ ತುಂಡಲ್ಲಿ, ಯಾವುದ್ರಲ್ಲೂ. ಕರಗಿದ್ದಕ್ಕೆ ಒಂದು ಹನಿ ಸಾಕು."

ಅವನು ಆ ಮಾತನ್ನು ಮಂತ್ರದ ಹಾಗೆ ಪಾಲಿಸಿದ. ಒಳಗೆ ಹಾಕುವ ಪ್ರತಿ ತುಂಡನ್ನೂ ಒಲೆಯ ಅಂಚಿನ ಮೇಲೆ ಹತ್ತು ನಿಮಿಷ ಇಟ್ಟು ಕಾಯಿಸಿ, ಆಮೇಲೇ ಮೂಸೆಗೆ ಬಿಡುತ್ತಿದ್ದ.

ಲೋಹಕ್ಕೆ ಪೇಟೆಯ ಹಳೆಯ ಭಾಗದ ಒಂದು ಗುಜರಿ ಅಂಗಡಿ ಹಿಡಿದಿದ್ದೆವು. ಅದರ ಯಜಮಾನರು ಹಳ್ಳಿಯಿಂದ ಬಂದು ನಲವತ್ತು ವರ್ಷವಾಗಿತ್ತು, ಮಾತು ಮಾತ್ರ ಊರಿಂದ ಇವತ್ತು ಬಸ್ಸಿಳಿದವರ ಹಾಗೆ. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಬದಲಿಗೆ ರೈಲು ಕಂಬಿಯ ತುಂಡು ಸಿಗುತ್ತದಾ ಎಂದು ಕೇಳಿದ್ದಕ್ಕೆ, "ಅದ್ನ ಬಾಯಲ್ಲಿ ಅಂದ್ರೂ ಪೋಲೀಸ್ನೋರು ಬತ್ತಾರೆ. ಲಾರಿ ಆಕ್ಸಲ್ ತಕ್ಕಂಡೋಗಿ, ಅದರ ಮೇಲೆ ಏನ್ಬೇಕಾದ್ರೂ ಬಡ್ಕಳಿ" ಅಂದಿದ್ದರು. ಅವರಿಗೆ ಒಂದು ಪದ್ಧತಿ. ಬಾಯಿ ಮುಚ್ಚಿದ ಯಾವ ಸಾಮಾನು ಬಂದರೂ, ಪಂಪ್ ಸ್ಟೌವಿನ ಟ್ಯಾಂಕಾಗಲಿ, ಬೆಸೆದ ಪೈಪಾಗಲಿ, ಉಳಿ ಇಟ್ಟು ಒಂದೇ ಏಟಿಗೆ ತೂತು ಹೊಡೆದು ಆಮೇಲೆ ತಕ್ಕಡಿಗೆ ಹಾಕುತ್ತಿದ್ದರು.

"ಯಾಕೆ?" ಎಂದು ಕೇಳಿದೆ.

"ಒಳಗೆ ಮರಳು ತುಂಬ್ಕಂಡು ತತ್ತಾರೆ ಕಣ್ರೀ, ತೂಕಕ್ಕೆ. ನೀರೂ ತುಂಬ್ತಾರೆ. ಮುಚ್ಚಿರೋದ್ನ ನಾನು ನಂಬಾಕಿಲ್ಲ, ನಮ್ಮಪ್ಪ ತಂದ್ರೂ ತೂತು ಹೊಡ್ಯೋನೇ."

ಇವನಿಗೆ ಅದು ಬಹಳ ಹಿಡಿಸಿತು. ಅವರಲ್ಲಿ ತಂದದ್ದಕ್ಕೆಲ್ಲ ಹೀಗೆ ತೂತು ಬಿದ್ದಿರುತ್ತಿದ್ದುದರಿಂದ ನಮ್ಮ ಒಲೆಗೆ ಮುಚ್ಚಿದ ಸಾಮಾನು ಬರುವ ಪ್ರಶ್ನೆಯೇ ಇರಲಿಲ್ಲ. ಬಂದದ್ದು ಒಂದೇ ಒಂದು. ಅದು ಅಂಗಡಿಯಿಂದ ಬರಲಿಲ್ಲ, ನಮ್ಮ ಅಟ್ಟದಿಂದ ಇಳಿಯಿತು.

ಮೊದಲು ನಾಲ್ಕೈದು ವಾರ ಅಲ್ಯೂಮಿನಿಯಂ ಕರಗಿಸಿದೆವು. ಕರಗಿದ್ದನ್ನು ಎರೆಯಲು ನನ್ನ ಹೆಂಡತಿಯ ಹಳೆಯ ಸ್ಟೀಲಿನ ಇಡ್ಲಿ ತಟ್ಟೆ ಸಿಕ್ಕಿತು. ಬೆಳ್ಳಗೆ ಹೊಳೆಯುವ ನಾಲ್ಕು ಇಡ್ಲಿಯನ್ನು ಅವಳ ಮುಂದೆ ಇಟ್ಟಾಗ, "ಚಟ್ನಿ ಮಾಡ್ಲಾ, ಸಾಂಬಾರ್ ಸಾಕಾ?" ಅಂದಳು. ಅವಳೂ ಒಪ್ಪಿಕೊಂಡಿದ್ದಳು ಎನ್ನುವುದಕ್ಕೆ ಅದೇ ಗುರುತು. ಆಮೇಲೆ ಅವಳೇ ಕೇಳಿದಳು, "ನಮ್ಮನೆ ಬಾಗ್ಲಿಗೆ ಒಂದು ಹಿತ್ತಾಳೆ ಬಳೆ ಮಾಡ್ಕೊಡೋ. ಬಂದೋರು ಬಡಿಯೋ ಹಂಗೆ. ಅಟ್ಟದ ಮೇಲೆ ಅತ್ತೆ ಕಾಲದ್ದು ಒಂದು ಮೂಟೆ ಅದೆ. ಗುಜರಿಗೆ ಹಾಕೋಕೆ ಮನಸ್ಸು ಬರ್ದೆ ಇಟ್ಟಿದೀನಿ. ಬಾಗಿಲಲ್ಲಾದ್ರೂ ಇರ್ಲಿ."

ಅತ್ತೆ ಎಂದರೆ ನನ್ನ ತಾಯಿ. ತೀರಿಕೊಂಡು ಆರು ವರ್ಷವಾಗಿತ್ತು.

ಮೂಟೆಯಲ್ಲಿ ಇದ್ದವು: ತಳ ಸವೆದ ಚೊಂಬುಗಳು, ಕಾಲು ಮುರಿದ ದೀಪದ ಕಂಬ, ಹಿಡಿಯಿಲ್ಲದ ಸೌಟು, ಒಂದು ತಾಮ್ರದ ಗಿಂಡಿ. ಗಿಂಡಿ ದೊಡ್ಡದಲ್ಲ, ಮುಷ್ಟಿಯಲ್ಲಿ ಅಡಗುವಷ್ಟು. ಅಮ್ಮ ಊರಿನ ಹೆಂಗಸರ ಜೊತೆ ರೈಲಿನಲ್ಲಿ ಕಾಶಿಗೆ ಹೋಗಿ ಬಂದಾಗ ತಂದದ್ದು. ಒಳಗೆ ಗಂಗೆ ತುಂಬಿ ಬಾಯಿಗೆ ಬೆಸುಗೆ ಹಾಕಿ ಕೊಡುತ್ತಾರಲ್ಲ, ಅದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದೇವರ ಗೂಡಿನಲ್ಲಿ ಇರುತ್ತದೆ. ಯಾರೂ ತೆರೆಯುವುದಿಲ್ಲ. ಮನೆಯಲ್ಲಿ ಯಾರಾದರೂ ಕೊನೆಯುಸಿರು ಎಳೆಯುವಾಗ ಬೆಸುಗೆ ಒಡೆದು ಬಾಯಿಗೆ ಎರಡು ಹನಿ ಬಿಡುತ್ತಾರೆ. ಅಮ್ಮ ಸೋಮವಾರ ಸೋಮವಾರ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. "ಇದು ನಂದು ಕಣಪ್ಪ. ಆ ಹೊತ್ತಲ್ಲಿ ಮರ್ತುಬುಟ್ಟೀಯ" ಎಂದು ನನಗೆ ಎಷ್ಟೋ ಸಲ ಹೇಳಿದ್ದರು.

ಆ ಹೊತ್ತು ಬಂದಾಗ ಅಮ್ಮ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದರು. ಗಿಂಡಿ ಮನೆಯ ಗೂಡಿನಲ್ಲಿತ್ತು. ನಾನು ಕೆಳಗಡೆ ಔಷಧಿ ಅಂಗಡಿಯ ಸಾಲಿನಲ್ಲಿ ಚೀಟಿ ಹಿಡಿದು ನಿಂತಿದ್ದೆ. ಮೇಲೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹತ್ತು ನಿಮಿಷಕ್ಕೆ ಚಿಕ್ಕಮ್ಮನ ಫೋನು ಬಂತು. ಅತ್ತರು, ಅತ್ತು ನಿಲ್ಲಿಸಿ ಮೊದಲು ಕೇಳಿದ್ದು: "ಬಾಯಿಗೆ ಗಂಗೆ ಬುಟ್ಟೇನಪ್ಪ?"

"ಬಿಟ್ಟೆ ಚಿಕ್ಕಮ್ಮ" ಅಂದೆ.

ಯಾಕೆ ಹಾಗಂದೆ ಎಂದು ಕೇಳಿದರೆ ಹೇಳಲಾರೆ. ಇಲ್ಲ ಎನ್ನಲು ಆ ಕ್ಷಣದಲ್ಲಿ ಬಾಯಿ ಬರಲಿಲ್ಲ. ಆಮೇಲೆ ಹನ್ನೊಂದು ದಿನ ಮನೆಗೆ ಬಂದವರೆಲ್ಲ ಅದನ್ನೇ ಕೇಳಿದರು, ನಾನು ಅದನ್ನೇ ಹೇಳಿದೆ. ನನ್ನ ಹೆಂಡತಿಗೂ ಹಾಗೇ ಹೇಳಿದೆ. ಒಬ್ಬರಿಗಂತೂ, ಗಿಂಡಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ, ನರ್ಸಮ್ಮನೇ ಒಡೆದುಕೊಟ್ಟರು ಎಂದೂ ಹೇಳಿದೆ. ಗೂಡಿನ ಗಿಂಡಿಯೂ ಸೇರಿ ಅಮ್ಮನ ಸಾಮಾನುಗಳನ್ನು ಮೂಟೆ ಕಟ್ಟಿದವನು ಕೂಲಿಯವನು, ಅಟ್ಟಕ್ಕೆ ಏರಿಸಿದವನೂ ಅವನೇ. ವರ್ಷಗಳು ಕಳೆದ ಹಾಗೆ ನನ್ನ ನೆನಪಿನಲ್ಲೇ ಆ ದೃಶ್ಯ ಕೂತುಬಿಟ್ಟಿತು. ಅಮ್ಮನ ತುಟಿ, ನನ್ನ ಕೈ, ಎರಡು ಹನಿ. ಸುಳ್ಳೆಂದು ಗೊತ್ತಿದ್ದೂ ಅಡಗಿಸಿಟ್ಟುಕೊಂಡಿದ್ದರೆ ಆ ಭಾನುವಾರ ನೆನಪಾಗುತ್ತಿತ್ತು. ನಾನು ಅದನ್ನು ನಂಬಿಬಿಟ್ಟಿದ್ದೆ.

ಆ ಭಾನುವಾರ ಬೆಳಿಗ್ಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಬಾಗಿಲ ಬಳೆಯ ಅಚ್ಚನ್ನು ಅವನು ಹಿಂದಿನ ಸಂಜೆಯೇ ಮರಳಿನಲ್ಲಿ ಒತ್ತಿ ಒಣಗಿಸಿದ್ದ. ಚೊಂಬುಗಳನ್ನೂ ದೀಪದ ಕಂಬವನ್ನೂ ತುಂಡು ಮಾಡಿ, ಅಂಚಿನ ಮೇಲೆ ಕಾಯಿಸಿ, ಒಂದೊಂದಾಗಿ ಮೂಸೆಗೆ ಇಳಿಸಿದ. ದಪ್ಪ ಚರ್ಮದ ಕೈಗವಸು, ಕಾಲಿಗೆ ಕಾರ್ಖಾನೆಯ ಬೂಟು, ಮುಖಕ್ಕೆ ಪಾರದರ್ಶಕ ಪರದೆಯ ಮುಖವಾಡ. ಹಿತ್ತಾಳೆ ಕರಗಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ನನ್ನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡಿ, "ಎರೆಯೋವಾಗ ನನ್ನ ಕರೀರಿ" ಎಂದು ಹೇಳಿ ಒಳಗೆ ಹೋದಳು.

ಅವನು ಕಡ್ಡಿಯ ತುದಿಯಲ್ಲಿ ಒಂದಿಷ್ಟು ಲೋಹ ತೆಗೆದು ತಣಿಸಿ ನೋಡಿದ. "ಬಿಳಚಿಕೊಂಡದೆ ಬಾವ. ಸ್ವಲ್ಪ ತಾಮ್ರ ಬಿದ್ರೆ ಕೆಂಪಗೆ ಬತ್ತದೆ. ಮೂಟೇಲಿ ಏನಾದ್ರೂ ಅದಾ ನೋಡಿ, ಇದ್ದಿಲು ಆರ್ತಾ ಬಂತು."

ನಾನು ಮೂಟೆಗೆ ಕೈಹಾಕಿದೆ. ಗಿಂಡಿ ಸಿಕ್ಕಿತು. ಕಪ್ಪಗೆ, ಅಲ್ಲಲ್ಲಿ ಹಸಿರು ಕಿಲುಬು ಹಿಡಿದಿತ್ತು. ಕೈಗೆ ಭಾರವಾಗಿತ್ತು. ಒಳ್ಳೆಯ ದಪ್ಪ ತಾಮ್ರ ಎಂದುಕೊಂಡೆ. ಅಲುಗಾಡಿಸಿದರೂ ಸದ್ದು ಬರುತ್ತಿರಲಿಲ್ಲವೇನೋ, ಕಂಠದವರೆಗೂ ತುಂಬಿದ ಪಾತ್ರೆ ಕುಲುಕುವುದಿಲ್ಲ. ಬಾಯಿಯ ಮೇಲಿನ ಬೆಸುಗೆಯನ್ನು ನೋಡಿದೆನೋ ಇಲ್ಲವೋ ಇವತ್ತಿಗೂ ಹೇಳಲಾರೆ. ಕಣ್ಣು ಆ ಕಡೆ ಇತ್ತು ಎಂಬುದು ಮಾತ್ರ ನಿಜ.

ಅವನು ಇಕ್ಕಳದಲ್ಲಿ ಅದನ್ನು ತೆಗೆದುಕೊಂಡು ತಿರುಗಿಸಿದ.

"ಕಾಶಿ ಗಿಂಡಿ ಅಲ್ವಾ ಬಾವ? ಒಳಗೇನೂ ಇಲ್ಲ ತಾನೆ?"

"ಏನಿಲ್ಲ. ಅಮ್ಮಂಗೆ ಬಿಟ್ಟಾಯ್ತಲ್ಲ ಆವತ್ತೇ."

ಇದೇ ಆ ಪ್ರಶ್ನೆ, ಇದೇ ಆ ಉತ್ತರ. ಅವನು ಕೇಳಿದ್ದ. ಇಟ್ಟಿಗೆಯ ದನಿ ಕೇಳಿ ಆರಿಸುವವನು ನನ್ನ ದನಿ ಕೇಳಿ ನಂಬಿದ. ಇದ್ದಿಲು ಆರುತ್ತಿದೆಯೆಂಬ ಆತುರದಲ್ಲಿ ಅಂಚಿನ ಮೇಲೆ ಇಟ್ಟು ಕಾಯಿಸುವುದನ್ನೂ ಬಿಟ್ಟು, ಒಂದು ಚಿಟಿಕೆ ಬಿಳಿಗಾರ ಎರಚಿ, ಗಿಂಡಿಯನ್ನು ನೇರ ಮೂಸೆಗೆ ಇಳಿಸಿದ.

ಅದು ತೇಲಿತು.

ತಾಮ್ರ ಹಿತ್ತಾಳೆಗಿಂತ ಭಾರ. ಬಾಯಿ ತೆರೆದಿದ್ದರೆ ಮುಳುಗಬೇಕಿತ್ತು. ನಾನು ಬಿ.ಎಸ್ಸಿ. ಓದಿದವನು. ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ, ನೀರು ಆವಿಯಾದರೆ ಎಷ್ಟು ಪಟ್ಟು ಹಿಗ್ಗುತ್ತದೆ, ಎಲ್ಲವನ್ನೂ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. ಅದು ಕರಗಿದ ಹಿತ್ತಾಳೆಯ ಮೇಲೆ ಪುಟ್ಟ ದೋಣಿಯ ಹಾಗೆ ಕೂತಿದ್ದನ್ನು ನಾನು ನೋಡಿದೆ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ನೋಡಿದೆ. ನನಗೆ ಏನೂ ಹೊಳೆಯಲಿಲ್ಲ. "ಯಾಕೆ ಮುಳುಗ್ತಿಲ್ಲ ಇದು?" ಅಂದ ಅವನು. ಬೆವರಿನ ಹಬೆಗೆ ಮುಖವಾಡ ಮಬ್ಬಾಗಿತ್ತು. ಸರಿಯಾಗಿ ನೋಡಲೆಂದು ಎಡಗೈಯಿಂದ ಅದನ್ನು ಮೇಲಕ್ಕೆ ಎತ್ತಿ ಬಗ್ಗಿದ.

ಮದ್ದು ಸಿಡಿದ ಹಾಗೆ ಇತ್ತೆಂದು ಆಮೇಲೆ ಅಕ್ಕಪಕ್ಕದವರು ಅಂದರು. ನನಗೆ ಸದ್ದು ನೆನಪಿಲ್ಲ. ನೆನಪಿರುವುದು ಮೂಸೆಯಿಂದ ಚಿನ್ನದ ಬಣ್ಣದ ಒಂದು ಕೊಡೆ ಬಿಚ್ಚಿಕೊಂಡದ್ದು, ಅದು ತುಂಬ ನಿಧಾನವಾಗಿ ಬಿಚ್ಚಿಕೊಂಡಂತೆ ಕಂಡದ್ದು, ಆಮೇಲೆ ಕಾಂಪೌಂಡಿನ ಗೋಡೆ, ನೆಲ, ತಂತಿಯ ಮೇಲೆ ಒಣಹಾಕಿದ ಟವೆಲು ಎಲ್ಲ ಕಡೆ ಚಟಚಟ ಎನ್ನುತ್ತಿದ್ದ ಹನಿಗಳು. ಅವನು ಕೂಗಲಿಲ್ಲ. ಎರಡು ಹೆಜ್ಜೆ ಹಿಂದೆ ಬಂದು, ಇಕ್ಕಳವನ್ನು ಅದರ ಜಾಗದಲ್ಲಿ ಒರಗಿಸಿಟ್ಟು, ಎಡಗಣ್ಣಿಗೆ ಕೈ ಅಡ್ಡ ಹಿಡಿದು ಕೆಳಗೆ ಕೂತ. ಇಕ್ಕಳವನ್ನು ಒರಗಿಸಿಟ್ಟದ್ದು ನನ್ನನ್ನು ಈಗಲೂ ಕಾಡುತ್ತದೆ.

ನಲ್ಲಿಯ ಪೈಪು ಹಿಡಿದು ಕಣ್ಣಿಗೆ ನೀರು ಬಿಟ್ಟವಳು ನನ್ನ ಹೆಂಡತಿ. ನಾನು ಸ್ವಿಚ್ಚಿನ ಹತ್ತಿರವೇ ನಿಂತಿದ್ದೆನಂತೆ. ಬ್ಲೋವರ್ ಇನ್ನೂ ಊದುತ್ತಿತ್ತು. "ಆಫ್ ಮಾಡ್ರೀ ಅದ್ನ! ಆಟೋ ಕರೀರಿ!" ಎಂದು ಅವಳು ಕೂಗಿದ ಮೇಲೆ ನನ್ನ ಕೈಕಾಲು ಆಡಿತು.

ಆಟೋದಲ್ಲಿ ಅವನು ಒದ್ದೆ ಬಟ್ಟೆ ಒತ್ತಿಕೊಂಡು ನಮ್ಮಿಬ್ಬರ ಮಧ್ಯೆ ಕೂತಿದ್ದ. ಹಣೆಯ ಮೇಲೆ, ಕೆನ್ನೆಯ ಮೇಲೆ ಸುಟ್ಟ ಚುಕ್ಕೆಗಳು. "ನಂದೇ ತಪ್ಪು ಬಾವ" ಅಂದ. "ಬಿಳಿಗಾರದಲ್ಲಿ ಪಸೆ ಇತ್ತು ಅನ್ಸ್ತದೆ. ಡಬ್ಬಿ ಮುಚ್ಚಿಟ್ಟಿರ್ಲಿಲ್ಲ ನಾನು." ಬಟ್ಟೆಯನ್ನು ಮಗುಚಿ ಒತ್ತಿಕೊಂಡು ಮತ್ತೆ, "ಮುಖವಾಡ ಎತ್ತಬಾರ್ದಿತ್ತು" ಅಂದ.

ನಾನು ಆಟೋದವನಿಗೆ ಬೇಗ ಹೋಗಲು ಹೇಳಿದೆ.

ಗಿಂಡಿಯ ವಿಷಯ ನನಗೆ ಹೊಳೆದದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ. ಯಾರೋ ನನ್ನ ಕೈಗೆ ಔಷಧಿ ಚೀಟಿ ಕೊಟ್ಟು ಕೆಳಗೆ ಹೋಗಿ ತರಲು ಹೇಳಿದರು. ಅಂಗಡಿಯ ಸಾಲಿನಲ್ಲಿ ನಿಂತೆ. ಮುಂದೆ ನಾಲ್ಕು ಜನ ಇದ್ದರು. ಹಾಗೆ ಚೀಟಿ ಹಿಡಿದು ನಿಂತಾಗ, ಆರು ವರ್ಷದ ಹಿಂದೆಯೂ ನಾನು ನಿಂತಿದ್ದದ್ದು ಅಮ್ಮನ ಹಾಸಿಗೆಯ ಪಕ್ಕದಲ್ಲಲ್ಲ, ಹೀಗೆ ಒಂದು ಸಾಲಿನಲ್ಲಿ ಎಂಬುದು ನೆನಪಿಗೆ ಬಂತು. ಗಿಂಡಿ ಅವತ್ತು ಮನೆಯಲ್ಲಿತ್ತು. ಅದನ್ನು ಯಾರೂ ಒಡೆದಿರಲಿಲ್ಲ. ನನ್ನ ಸರದಿ ಬಂದಿತ್ತು, ಅಂಗಡಿಯವನು ಚೀಟಿಗೆ ಕೈಚಾಚಿಕೊಂಡೇ ಇದ್ದ. ಹಿಂದಿನವರು ಬೆನ್ನು ತಟ್ಟಿದರು.

ವೈದ್ಯೆ ಚಿಕ್ಕ ವಯಸ್ಸಿನವರು, ಮುಚ್ಚುಮರೆ ಮಾಡದೆ ಮಾತಾಡುವವರು. ಕಾರ್ನಿಯಾ ಸುಟ್ಟಿದೆ, ಅದು ಕಣ್ಣಿನ ಮುಂಭಾಗದ ಗಾಜಿನಂಥ ಪೊರೆ, ಎಷ್ಟು ಆಳಕ್ಕೆ ಸುಟ್ಟಿದೆಯೆಂದು ಗಾಯ ಮಾಯುವವರೆಗೆ ಹೇಳಲಾಗದು ಅಂದರು. "ಬಲಗಣ್ಣಿಗೆ ಏನೂ ಆಗಿಲ್ಲ. ಎಡಗಣ್ಣು ಕಾಣಬಹುದು, ಕಾಣದೇ ಇರಬಹುದು. ಕಾದು ನೋಡೋಣ."

ಕಾದೆವು. ಅವನನ್ನು ನಮ್ಮ ಮನೆಗೇ ಕರೆತಂದೆವು. ಎರಡೆರಡು ಗಂಟೆಗೊಮ್ಮೆ ಹನಿ ಹಾಕುವುದು ನನ್ನ ಪಾಲಿಗೆ ಬಂತು, ನಾನೇ ಕೇಳಿ ತೆಗೆದುಕೊಂಡೆ. ಅವನ ರೆಪ್ಪೆ ಬಿಡಿಸಿ ಸೀಸೆ ಬಗ್ಗಿಸುವಾಗ ಹನಿ ಕೆನ್ನೆಗೆ ಜಾರುತ್ತಿತ್ತು. "ಗುರಿ ಇಟ್ಟು ಹೊಡೀರಿ ಬಾವ, ಕಿವಿಗೆ ಹೋಯ್ತಾ ಅದೆ" ಎಂದು ಅವನು ನಗಿಸಲು ನೋಡುತ್ತಿದ್ದ. ಕಾರ್ಖಾನೆಯಿಂದ ಫೋನು ಬಂದಾಗ ಮಾತ್ರ ಅವನ ದನಿ ಬದಲಾಗುತ್ತಿತ್ತು. ಒಂದು ಕಣ್ಣಿನವನನ್ನು ಟೂಲ್ ರೂಮಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಸ್ಟೋರಿಗೆ ಹಾಕುತ್ತಾರೆ, ಇಲ್ಲವೇ ಗೇಟಿಗೆ.

ಬಂದವರಿಗೆಲ್ಲ ಅವನು ಬಿಳಿಗಾರದ ಕತೆ ಹೇಳುತ್ತಿದ್ದ. ತಾನು ಡಬ್ಬಿ ಮುಚ್ಚಿಡಲಿಲ್ಲ, ಹೊರಗಿನ ಥಂಡಿ ಹೀರಿಕೊಂಡಿತ್ತು, ತಾನೇ ಎರಚಿದೆ. ಪ್ರತಿಸಲ ಹೇಳುವಾಗಲೂ ಕತೆ ಇನ್ನಷ್ಟು ಖಚಿತವಾಗುತ್ತಿತ್ತು. ಒಂದು ಚಿಟಿಕೆ ಒಂದು ಹಿಡಿಯಾಯಿತು. ಒಂದು ದಿನ ನಮ್ಮ ಚಿಕ್ಕಮ್ಮನ ಮುಂದೆ, "ಪುಡಿ ಗಂಟು ಕಟ್ಟಿತ್ತು, ನಾನೇ ನೋಡಿದ್ದೆ" ಅಂದ. ಅದು ಗಂಟು ಕಟ್ಟಿರಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹೇಳಿ ಹೇಳಿ ಅವನಿಗೆ ಹಾಗೆ ಕಾಣತೊಡಗಿತ್ತು. ನಾನು ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟು ಹೊರಗೆ ಎದ್ದುಹೋದೆ.

ಆ ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು. ಆಮೇಲೆ ಅಂದಳು, "ಅವನು ತಾನೇ ಮಾಡ್ಕೊಂಡೆ ಅಂತ ದಿನಾ ಕೊರಗ್ತಾವ್ನೆ. ನೀವೇ ಹೇಳ್ಬೇಕು. ನಾನು ಹೇಳಲ್ಲ." ಅಷ್ಟು ಹೇಳಿ ದೀಪ ಆರಿಸಿದಳು. ನಾಲ್ಕು ದಿನ ನನ್ನೊಡನೆ ಬೇಕಾದಷ್ಟಕ್ಕೇ ಮಾತು.

ಆದರೂ ನಾನು ಏಳನೇ ವಾರದವರೆಗೆ ಎಳೆದೆ. ಕಣ್ಣು ಬಂದುಬಿಟ್ಟರೆ ಹೇಳುವುದು ಸುಲಭವಾಗುತ್ತದೆ ಎಂಬ ಆಸೆ ಇತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆಸ್ಪತ್ರೆಯಲ್ಲಿ ಅವತ್ತು ವೈದ್ಯೆ ಬಹಳ ಹೊತ್ತು ಯಂತ್ರದ ಮೂಲಕ ನೋಡಿದರು. ಬೆಳಕು ಬಿಟ್ಟರು, ಆರಿಸಿದರು. ಕಾರ್ನಿಯಾದ ಮೇಲೆ ಕಲೆ ಕಟ್ಟಿದೆ, ಬೆಳಕೂ ನೆರಳೂ ತಿಳಿಯುತ್ತದೆ, ಎದುರಿಗಿರುವ ಆಕಾರ ತಿಳಿಯಬಹುದು, ಅಕ್ಷರ ತಿಳಿಯುವುದಿಲ್ಲ ಅಂದರು. ಒಂದು ವರ್ಷ ಬಿಟ್ಟು ಬೇರೆಯವರು ದಾನ ಮಾಡಿದ ಕಾರ್ನಿಯಾ ಕಸಿ ಮಾಡುವ ಬಗ್ಗೆ ಯೋಚಿಸಬಹುದು, ಆದರೆ ಮಾತು ಕೊಡಲಾಗದು. ಅವನು ಎಲ್ಲವನ್ನೂ ಕೇಳಿ, "ಥ್ಯಾಂಕ್ಸ್ ಮೇಡಂ" ಅಂದ.

ಮನೆಗೆ ಬಂದು ಅವನು ಹಿಂದಿನ ಜಾಗಕ್ಕೆ ಹೋಗಿ ಮೆಟ್ಟಿಲ ಮೇಲೆ ಕೂತ. ಒಲೆಗೆ ಹೊದಿಸಿದ ಟಾರ್ಪಾಲಿನ ಮೇಲೆ ಎಲೆ ಬಿದ್ದಿತ್ತು. ಗೋಡೆಗೆ ಅಂಟಿದ ಹಿತ್ತಾಳೆ ಹನಿಗಳನ್ನು ಯಾರೂ ಕೆರೆದಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಬಿಳಿಗಾರದಲ್ಲಿ ಪಸೆ ಇರಲಿಲ್ಲ ಕಣೋ" ಅಂದೆ. "ಗಿಂಡಿ ತುಂಬಿತ್ತು. ನಾನು ಅಮ್ಮಂಗೆ ಗಂಗೆ ಬಿಡಲೇ ಇಲ್ಲ. ಔಷಧಿ ತರೋಕೆ ಹೋಗಿದ್ದೆ, ಬರೋಷ್ಟರಲ್ಲಿ ಹೋಗ್ಬಿಟ್ಟಿದ್ರು. ಎಲ್ಲರಿಗೂ ಬಿಟ್ಟೆ ಅಂತ ಸುಳ್ಳು ಹೇಳ್ದೆ. ನಿಂಗೂ ಅವತ್ತು ಅದನ್ನೇ ಹೇಳ್ದೆ. ಮುಖವಾಡ ಎತ್ತಿದ್ದಲ್ಲ ತಪ್ಪು. ನೀನು ಕೇಳ್ದೆ, ನಾನು ಖಾಲಿ ಅಂದೆ."

ಅವನು ನನ್ನ ಕಡೆ ತಿರುಗಲಿಲ್ಲ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದ ಖಾಲಿ ಸೈಟಿನಲ್ಲಿ ಯಾರೋ ಜಲ್ಲಿ ಇಳಿಸುತ್ತಿದ್ದರು. ಅವನು ಕೆಳಗಿಂದ ಒಂದು ಕಡ್ಡಿ ಎತ್ತಿಕೊಂಡ.

"ಹಂಗಾದ್ರೆ ಅತ್ತೆಗೆ ಸಿಗಲೇ ಇಲ್ವಾ ಅದು?" ಅಂದ.

"ಇಲ್ಲ."

"ಸೋಮವಾರ ಸೋಮವಾರ ತಿಕ್ತಾ ಇದ್ರು."

ಅಮ್ಮ ಸತ್ತಾಗ ಬರದಿದ್ದ ಅಳು ಆಗ ಬಂತು. ಅವನು ನನ್ನನ್ನು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಕೈಯಲ್ಲಿದ್ದ ಕಡ್ಡಿಯಿಂದ ನೆಲದ ಮೇಲಿನ ಒಂದು ಹಿತ್ತಾಳೆ ಹನಿಯನ್ನು ಎಬ್ಬಿಸಲು ನೋಡುತ್ತಿದ್ದ. ಕಡ್ಡಿ ಎರಡು ಸಲ ಹನಿಯ ಪಕ್ಕಕ್ಕೆ ಹೋಯಿತು. ಮೂರನೇ ಸಲ ಕಡ್ಡಿಯನ್ನೇ ಎಸೆದ.

"ಬಾವ, ಬೆರಳು ತೋರ್ಸಿ" ಅಂದ.

ಬಲಗಣ್ಣನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡು ನನ್ನ ಕಡೆ ತಿರುಗಿದ್ದ. ಎಡಗಣ್ಣು ಹಾಲು ಬೆರೆಸಿದ ನೀರಿನ ಹಾಗೆ ಇತ್ತು. ನಾನು ಕಣ್ಣೊರೆಸಿಕೊಂಡು, ಕೈ ಎತ್ತಿ, ಅವನ ಮುಖದಿಂದ ಒಂದು ಮೊಳ ದೂರದಲ್ಲಿ ಹಿಡಿದೆ. ಅವನು ಕತ್ತು ಮುಂದೆ ಚಾಚಿ, ಹುಬ್ಬು ಗಂಟಿಕ್ಕಿ, ತುಂಬ ಹೊತ್ತು ನೋಡಿದ. ಇಟ್ಟಿಗೆಯ ರಾಶಿಯ ಮುಂದೆ ಕೂತಾಗಲೂ ಅಷ್ಟು ಕಷ್ಟಪಟ್ಟಿರಲಿಲ್ಲ.

"ಮೂರು" ಅಂದ. ಆಮೇಲೆ, "ಸರಿನಾ?"

ಬಾಗಿಲಲ್ಲಿ ನನ್ನ ಹೆಂಡತಿ ಬಂದು ನಿಂತಿದ್ದಳು. ಅವನು ಕೈ ತೆಗೆಯದೆ ಕಾಯುತ್ತಿದ್ದ.

"ಅಲ್ಲಪ್ಪ" ಅಂದೆ. "ಎರಡು."